ಚಿಕ್ಕಮ್ಮನ ಲ್ಯಾಪ್‌ಟಾಪ್

(ಮಹಿಳಾ ವೇದಿಕೆಯ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)

ಸಂಘದ ಯಾವ ಕಾರ್ಯಕ್ರಮಕ್ಕೆ ಬಂದರೂ ನಿಮ್ಮಲ್ಲೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, "ಮಗನಿಗೆ ಯಾವ ಲ್ಯಾಪ್‌ಟಾಪ್ ತಗೊಳ್ಳೋದು?" ಎಂದು ಕೇಳುತ್ತೀರಿ. ಎಂಟೆಕ್ ಓದಿದವಳು, ಐಟಿಯಲ್ಲಿ ಕೆಲಸ ಮಾಡುವವಳು, ಗೊತ್ತಿರುತ್ತದೆ ಎಂಬ ನಂಬಿಕೆ. ಇವತ್ತು ನನಗೆ ಗೊತ್ತಿಲ್ಲದೆ ಮಾಡಿದ ಒಂದು ತಪ್ಪಿನ ಬಗ್ಗೆ ಹೇಳುತ್ತೇನೆ.

ನಮ್ಮ ಚಿಕ್ಕಮ್ಮ ಹಾಸನದ ಕಡೆ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದವರು. ಗ್ಲಾಕೋಮಾದಿಂದ ಎರಡೂ ಕಣ್ಣು ಹೋದ ಮೇಲೆ ಲಕ್ಷ್ಮೀ ನಗರದ ನಮ್ಮ ಮನೆಗೆ ಬಂದರು. ನಾವು ಆಫೀಸಿಗೆ ಹೋದರೆ ಸಂಜೆಯವರೆಗೆ ಒಬ್ಬರೇ. "ಪೇಪರು ಓದಬೇಕು ಕಣೇ, ನನ್ನ ಪೆನ್ಷನ್ ಲೆಕ್ಕ ನಾನೇ ನೋಡ್ಕೋಬೇಕು" ಅಂದರು. ನಾನು ಆನ್‌ಲೈನ್‌ನಲ್ಲಿ 29,000 ರೂಪಾಯಿ ಕೊಟ್ಟು ತೆಳ್ಳಗಿನ, ಚೆಂದದ ಟಚ್ ಸ್ಕ್ರೀನ್ ಲ್ಯಾಪ್‌ಟಾಪ್ ತರಿಸಿದೆ. ಸ್ಕ್ರೀನ್ ರೀಡರ್ ಹಾಕಿಕೊಟ್ಟೆ. ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ ಅದು. ಬಳಸುವವರು ಮೌಸ್ ಮುಟ್ಟುವುದಿಲ್ಲ, ಎಲ್ಲವೂ ಕೀಲಿಮಣೆಯಿಂದಲೇ.

ಒಂದು ತಿಂಗಳಿಗೆ ಚಿಕ್ಕಮ್ಮ ಅದನ್ನು ಮುಚ್ಚಿಟ್ಟರು. "ವಯಸ್ಸಾಯ್ತು ಪುಟ್ಟಾ, ನನ್ನ ತಲೆಗೆ ಹತ್ತೋದಿಲ್ಲ." ನಾನೂ ಹಾಗೇ ಅಂದುಕೊಂಡೆ. ಇದನ್ನು ಹೇಳಲು ನನಗೆ ಈಗಲೂ ನಾಚಿಕೆ.

ಒಂದು ಭಾನುವಾರ ಕಣ್ಣು ಮುಚ್ಚಿಕೊಂಡು ನಾನೇ ಅದರ ಮುಂದೆ ಕೂತೆ. ಕೀ ಒತ್ತಿದೆ, ದನಿಯೇ ಇಲ್ಲ. ಒತ್ತಿಲ್ಲವೇನೋ ಎಂದು ಮತ್ತೆ ಒತ್ತಿದೆ. ಆಗ ಎರಡೂ ಸೇರಿ ಎರಡು ಹೆಜ್ಜೆ ಮುಂದೆ ಹೋಗಿತ್ತು. ಎಲ್ಲಿದ್ದೇನೆ ಎಂದೇ ತಿಳಿಯಲಿಲ್ಲ. ಹತ್ತು ನಿಮಿಷ ಒದ್ದಾಡಿದರೂ ಒಂದು ಮೇಲ್ ತೆರೆಯಲಾಗಲಿಲ್ಲ. ಕಣ್ಣಿರುವವರಿಗೆ ಯಂತ್ರ ನಿಧಾನವಾದರೆ ಪರದೆಯ ಮೇಲೆ ಚಕ್ರ ತಿರುಗುವುದು ಕಾಣುತ್ತದೆ, ಕಾಯುತ್ತೇವೆ. ಕಾಣದವರಿಗೆ ಅದು ಬರೀ ಮೌನ. ಆ ಮೌನವನ್ನು ಚಿಕ್ಕಮ್ಮ ತಮ್ಮ ತಪ್ಪು ಅಂದುಕೊಂಡಿದ್ದರು. ತಪ್ಪು 4 ಜಿಬಿ ರ‍್ಯಾಮ್‌ನದು, ಅದನ್ನು ಆರಿಸಿದ ನನ್ನದು. ಅವರು ನೋಡಲಾಗದ ಪರದೆಗೆ ದುಡ್ಡು ಸುರಿದು, ಅವರ ಬೆರಳಿಗೆ, ಕಿವಿಗೆ ಬೇಕಾದ ಕಡೆ ಜಿಪುಣತನ ಮಾಡಿದ್ದೆ.

ಕಳೆದ ಚಳಿಗಾಲದಲ್ಲಿ ಚಿಕ್ಕಮ್ಮನನ್ನೇ ಕರೆದುಕೊಂಡು ಹೊರಟೆ. ಬ್ಲೂ ಲೈನ್‌ನಲ್ಲಿ ಮಂಡಿ ಹೌಸ್, ಅಲ್ಲಿ ವೈಲೆಟ್ ಲೈನ್ ಹಿಡಿದು ನೆಹರೂ ಪ್ಲೇಸ್. ಅಂಗಡಿಯವನು ಪರದೆಯ ಬಣ್ಣ ತೋರಿಸಲು ಶುರುಮಾಡಿದ. "ಅದು ಬೇಡಪ್ಪ, ಕೀಬೋರ್ಡ್ ಕೊಡು" ಅಂದರು ಚಿಕ್ಕಮ್ಮ, ಹಾಸನದ ಹಿಂದಿಯಲ್ಲಿ.

ನಾವು ನೋಡಿದ್ದನ್ನು ಹೇಳುತ್ತೇನೆ, ಬೇಕಾದವರು ಬರೆದುಕೊಳ್ಳಿ.

ಮೊದಲನೆಯದು ವೇಗ. 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ. ಇದಕ್ಕಿಂತ ಕಡಿಮೆ ಬೇಡ. ಗ್ರಾಫಿಕ್ಸ್ ಕಾರ್ಡ್, ಟಚ್ ಸ್ಕ್ರೀನ್, ಹೊಳೆಯುವ ಪರದೆ ಇವುಗಳಿಗೆ ಒಂದು ರೂಪಾಯಿಯೂ ಬೇಡ.

ಎರಡನೆಯದು ಕೀಲಿಮಣೆ. ಬಲಗಡೆ ನಂಬರ್ ಪ್ಯಾಡ್ ಇದ್ದರೆ ಒಳ್ಳೆಯದು, ಓದಿಸುವ ಹಲವು ಆಜ್ಞೆಗಳು ಅಲ್ಲೇ ಇವೆ. ಇನ್ಸರ್ಟ್, ಹೋಮ್, ಎಂಡ್ ಕೀಗಳು ಬೇರೆಬೇರೆಯಾಗಿ ಬೆರಳಿಗೆ ಸಿಗಬೇಕು.

ಮೂರನೆಯದು ಇಯರ್‌ಫೋನ್ ತೂತು. ಬ್ಲೂಟೂತ್‌ನಲ್ಲಿ ದನಿ ತಡವಾಗಿ ಬರುತ್ತದೆ, ಕೆಲವೊಮ್ಮೆ ಮೊದಲ ಅಕ್ಷರವೇ ನುಂಗಿಹೋಗುತ್ತದೆ. ತಂತಿಯದೇ ವಾಸಿ. ಬ್ಯಾಂಕಿನ ಒಟಿಪಿಯನ್ನು ಮನೆಗೆಲ್ಲ ಕೇಳುವಂತೆ ಓದಿಸಬೇಕಾಗಿಲ್ಲ.

ನಾಲ್ಕನೆಯದು ವಿಂಡೋಸ್. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಳೆಯ ಲ್ಯಾಪ್‌ಟಾಪ್ ಕೊಳ್ಳುವುದಾದರೆ ವಿಂಡೋಸ್ 11 ನಡೆಯುವಂಥದ್ದೇ ಇರಲಿ. ಇಂಟೆಲ್ ಆದರೆ ಎಂಟನೇ ತಲೆಮಾರು ಅಥವಾ ಆಮೇಲಿನದು. "ಎಸ್ ಮೋಡ್" ಎಂದಿದ್ದರೆ ಅದರಿಂದ ಹೊರಬರುವವರೆಗೆ ಹೊರಗಿನ ಸ್ಕ್ರೀನ್ ರೀಡರ್ ಹಾಕಲಾಗುವುದಿಲ್ಲ. ಹೊರಬರುವುದಕ್ಕೆ ದುಡ್ಡಿಲ್ಲ, ಕೊಳ್ಳುವಾಗಲೇ ಕೇಳಿ.

ಐದನೆಯದು ಅಂಗಡಿಯಲ್ಲೇ ಪರೀಕ್ಷೆ. ವಿಂಡೋಸ್, ಕಂಟ್ರೋಲ್, ಎಂಟರ್ ಮೂರನ್ನೂ ಒಟ್ಟಿಗೆ ಒತ್ತಿದರೆ ವಿಂಡೋಸ್‌ನೊಳಗೇ ಇರುವ ನರೇಟರ್ ಮಾತನಾಡಲು ಶುರುಮಾಡುತ್ತದೆ. ಕೀ ಒತ್ತಿದ ಕೂಡಲೇ ಉತ್ತರ ಬರಬೇಕು. ಬಳಸುವವರೇ ಒತ್ತಿ ನೋಡಲಿ, ಅವರೇ ಒಪ್ಪಲಿ.

ಕಂಪನಿಗಳು ಬಳಸಿ ಬಿಟ್ಟ, ದುರಸ್ತಿ ಮಾಡಿದ 15 ಇಂಚಿನ ಲ್ಯಾಪ್‌ಟಾಪ್ ನಮಗೆ 22,000ಕ್ಕೆ ಸಿಕ್ಕಿತು. ದಪ್ಪಗೆ, ಕಪ್ಪಗೆ ಇದೆ. ಬಿಲ್, ವಾರಂಟಿ ಬರೆಸಿಕೊಂಡೆವು.

ಸ್ಕ್ರೀನ್ ರೀಡರ್‌ಗೆ ದುಡ್ಡು ಕೊಡಲೇಬೇಕೆಂದಿಲ್ಲ. ಜಾಸ್ ಎಂಬ ಹೆಸರಾಂತ ತಂತ್ರಾಂಶ ದುಬಾರಿ. 2006ರಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಕರನ್ ಎಂಬುವರು ಎನ್‌ವಿಡಿಎ ಬರೆಯಲು ಶುರುಮಾಡಿದರು. ಸ್ವತಃ ಕಣ್ಣು ಕಾಣದವರು. ಅದು ಇಂದಿಗೂ ಉಚಿತ. ಪೆನ್ ಡ್ರೈವ್‌ನಲ್ಲಿ ಇಟ್ಟುಕೊಂಡು ಬೇರೆಯವರ ಕಂಪ್ಯೂಟರಿನಲ್ಲೂ ಬಳಸಬಹುದು. ಅದರ ಜೊತೆಗೇ ಬರುವ ಇಸ್ಪೀಕ್ ದನಿ ಕನ್ನಡವನ್ನೂ ಓದುತ್ತದೆ. ದನಿ ಯಂತ್ರದ್ದೇ, ಉಚ್ಚಾರ ಒರಟು. ಚಿಕ್ಕಮ್ಮ ಮೊದಲ ದಿನ ಅದರ ಉಚ್ಚಾರ ತಿದ್ದುತ್ತಾ ಕೂತಿದ್ದರು, ಮೇಡಂ ತಾನೇ! ಒಂದು ವಾರಕ್ಕೆ ಕಿವಿ ಹೊಂದಿಕೊಂಡಿತು. ಈಗ ಬೆಳಗಿನ ಪೇಪರಿನ ಸುದ್ದಿಯನ್ನು ನನಗೆ ಅವರೇ ಹೇಳುತ್ತಾರೆ. ಪೆನ್ಷನ್ ಬಂತೋ ಇಲ್ಲವೋ ಎಂದು ಯಾರನ್ನೂ ಕೇಳುವುದಿಲ್ಲ. ಓದಲಾಗದವರಿಗಾಗಿ 2016ರಲ್ಲಿ ಶುರುವಾದ ಸುಗಮ್ಯ ಪುಸ್ತಕಾಲಯ ಎಂಬ ಆನ್‌ಲೈನ್ ಗ್ರಂಥಾಲಯದ ಬಗ್ಗೆಯೂ ವಿಚಾರಿಸುತ್ತಿದ್ದಾರೆ.

ಒಂದು ಕಡೆ ಮಾತ್ರ ಅವರ ಲ್ಯಾಪ್‌ಟಾಪ್ ಸೋತಿತು. ಹಿಂದಿನ ನಮ್ಮ ಸ್ಮರಣ ಸಂಚಿಕೆಯನ್ನು ಆಸೆಯಿಂದ ತೆರೆದರು. ಪುಟಗಳನ್ನು ಚಿತ್ರ ಮಾಡಿ ಪಿಡಿಎಫ್‌ಗೆ ಹಾಕಿದ್ದೆವು. ಚಿತ್ರದೊಳಗಿನ ಅಕ್ಷರ ಸ್ಕ್ರೀನ್ ರೀಡರ್‌ಗೆ ಅಕ್ಷರವೇ ಅಲ್ಲ. ಒಂದು ಲೇಖನ ಬೇರೆಯಾಗಿ ಸಿಕ್ಕಿತು, ಅದು ನುಡಿಯ ಹಳೆಯ ಫಾಂಟ್‌ನಲ್ಲಿತ್ತು. ಕಣ್ಣಿಗೆ ಕನ್ನಡ, ಒಳಗೆ ಮಾತ್ರ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಅದನ್ನೇ ಓದಿತು. "ನಿಮ್ಮ ಸಂಚಿಕೆ ನನಗಲ್ಲ ಬಿಡು" ಅಂದರು ಚಿಕ್ಕಮ್ಮ. ಈ ಸಲ ನಾನು ಅವರ ಮಾತು ಒಪ್ಪಲಿಲ್ಲ.

ಅದಕ್ಕೇ ವೇದಿಕೆಯ ಮುಂದೆ ನನ್ನದೊಂದು ಕೋರಿಕೆ. ಈ ವರ್ಷದ ಇ-ಸಂಚಿಕೆಗೆ ಲೇಖನಗಳನ್ನು ಯೂನಿಕೋಡ್‌ನಲ್ಲೇ ಕಳಿಸಿ. ಫೋಟೋ ಕೊಟ್ಟರೆ ಅದರಲ್ಲಿ ಯಾರಿದ್ದಾರೆ, ಏನಿದೆ ಎಂದು ಒಂದು ಸಾಲು ಬರೆಯಿರಿ. ಹಳೆಯ ಫಾಂಟ್‌ನಲ್ಲಿದ್ದರೆ ನನಗೆ ಕೊಡಿ, ಬದಲಾಯಿಸಿ ಕೊಡುತ್ತೇನೆ. ಖರ್ಚು ಏನೂ ಇಲ್ಲ. ಅಚ್ಚಿನ ತಪ್ಪಿದ್ದರೆ ಹುಡುಕಿ ಹೇಳಲು ಮೂರನೇ ಮಹಡಿಯಲ್ಲಿ ಒಬ್ಬ ಕನ್ನಡ ಮೇಡಂ ಕಾಯುತ್ತಿದ್ದಾರೆ.