ನಾಲ್ಕು ಡಬ್ಬಗಳಲ್ಲಿ ಯಾವ ಟೊಮೇಟೊ?

(ಸಂಘದ ಉಚಿತ ವಾಚನಾಲಯದ ಭಾನುವಾರದ ಕೂಟದಲ್ಲಿ ನಮ್ಮ ಸ್ವಯಂಸೇವಕರೊಬ್ಬರು ಮಾಡಿದ ಭಾಷಣ)



ನಾನು ಭಾಷಣಕಾರನಲ್ಲ, ಕೃಷಿಪಂಡಿತನಂತೂ ಅಲ್ಲವೇ ಅಲ್ಲ. ಹಿಟ್ಟಿನ ಗಿರಣಿಯೊಂದರಲ್ಲಿ ಚೀಲಗಳ ಲೆಕ್ಕ ಬರೆಯುವ ಗುಮಾಸ್ತ, ಕಲಿತದ್ದು ಎಸ್.ಎಸ್.ಎಲ್.ಸಿ.ವರೆಗೆ. ಸಂಜೆ ಇಲ್ಲಿಗೆ ಬಂದು ವೃತ್ತಪತ್ರಿಕೆಗಳನ್ನು ಜೋಡಿಸಿಡುವುದು, ಹಾಜರಿ ಪುಸ್ತಕ ನೋಡಿಕೊಳ್ಳುವುದು, ಇಷ್ಟೇ ನನ್ನ ಸೇವೆ. ಇಂದು ಟೊಮೇಟೊ ವಿಚಾರ ಮಾತನಾಡಲು ನಾನಾಗಿಯೇ ಅಪ್ಪಣೆ ಕೇಳಿಕೊಂಡೆ. ಹೋದ ವರ್ಷ ಗಣೇಶನ ಹಬ್ಬಕ್ಕೆ ಮುಂಚೆ ಇದೇ ಮೇಜಿನ ಮೇಲಿಂದ 14 ಮಂದಿಗೆ ಟೊಮೇಟೊ ಬೀಜ ಹಂಚಿದ್ದೆ. ಅದರ ಲೆಕ್ಕ ಒಪ್ಪಿಸುವುದು ಬಾಕಿ ಉಳಿದಿದೆ.

ಅದರ ಹಿಂದಿನ ವರ್ಷ ನಮ್ಮ ಚಾಳಿನ ಗ್ಯಾಲರಿಯಲ್ಲಿ, 15 ಕಿಲೋ ಎಣ್ಣೆಯ ಡಬ್ಬವೊಂದರಲ್ಲಿ, ಅಂಗಡಿಯಿಂದ ತಂದ ಒಂದು ಹೈಬ್ರಿಡ್ ಸಸಿ ನೆಟ್ಟಿದ್ದೆ. ಅದೊಂದೇ ಗಿಡ ಎರಡೂವರೆ ಕಿಲೋ ಹಣ್ಣು ಕೊಟ್ಟಿತು. ಕಿತ್ತಾಗಲೆಲ್ಲ ತೂಗಿ ಬರೆದಿಟ್ಟಿದ್ದೇನೆ. ಗುಮಾಸ್ತನ ಚಾಳಿ ಎಲ್ಲಿ ಬಿಟ್ಟೀತು! 2023ರ ಜುಲೈಯಲ್ಲಿ ಟೊಮೇಟೊ ಕಿಲೋಗೆ 100 ರೂಪಾಯಿ ದಾಟಿ ಹೋದದ್ದನ್ನು ನಾವಾರೂ ಮರೆತಿಲ್ಲ. ಇಂಥ ಗಿಡ ನಮ್ಮವರೆಲ್ಲರ ಮನೆಯಲ್ಲೂ ಇರಲಿ ಎಂದುಕೊಂಡು ಆ ಹಣ್ಣಿನ ಬೀಜವನ್ನೇ ಒಣಗಿಸಿ ಪೊಟ್ಟಣ ಕಟ್ಟಿ ಹಂಚಿದೆ.

ಬಂದ ಫಲ ನಿಮಗೆ ಗೊತ್ತು. ಒಬ್ಬರ ಮನೆಯಲ್ಲಿ ನೆಲ್ಲಿಕಾಯಿಗಿಂತ ಚಿಕ್ಕ ಹಣ್ಣು, ಇನ್ನೊಬ್ಬರಲ್ಲಿ ಆಳೆತ್ತರದ ಬಳ್ಳಿ, ಹಣ್ಣು ಮಾತ್ರ ಮೂರು. ಮತ್ತೊಬ್ಬರ ಗಿಡ ಹೂ ಬಿಡುವ ಮೊದಲೇ ಎಲೆ ಮುಟುರಿಕೊಂಡು ಕುಳಿತಿತು. ಈ ಕೊನೆಯವರು ದಿನವೂ ಇಲ್ಲಿಗೆ ಬರುವ ಹಿರಿಯರು, ಗದಗದ ಕಡೆಯವರು. ಅವರ ಮನೆಯವರು ಆಸ್ಪತ್ರೆಯಿಂದ ಬಂದು ಹಾಸಿಗೆ ಹಿಡಿದಿದ್ದರು. ಬಾಯಿಗೆ ಏನೂ ರುಚಿಸುತ್ತಿರಲಿಲ್ಲವಂತೆ. ಊರಿನ ಜವಾರಿ ಟೊಮೇಟೊ ಹಾಕಿದ ಹುಳಿಹುಳಿ ಸಾರು ಬೇಕು ಎಂದಿದ್ದರಂತೆ. ಹಿರಿಯರು ಕುಂಡವನ್ನು ಆ ತಾಯಿಗೆ ಕಾಣುವಂತೆ ಕಿಟಕಿಯಲ್ಲಿಟ್ಟಿದ್ದರು. ಒಂದು ಸಂಜೆ ಮುಟುರಿದ ಗಿಡದ ಕುಂಡವನ್ನೇ ಕಂಕುಳಲ್ಲಿ ಹಿಡಿದು ಇಲ್ಲಿಗೆ ತಂದು, "ಇದಕ್ಕೇನಾಗೇದ ನೋಡಪ್ಪಾ" ಎಂದರು. ನನಗೆ ತಿಳಿಯದು ಎಂದು ಹೇಳಬೇಕಿತ್ತು. ನಾನು ಹಾಗೆ ಹೇಳಲಿಲ್ಲ. "ಗೊಬ್ಬರ ಸಾಲದು ಕಾಕಾ" ಎಂದುಬಿಟ್ಟೆ. ಅವರು ಗೊಬ್ಬರ ಕೊಂಡು ಹಾಕಿದರು. ಗಿಡ ಸತ್ತಿತು.

ಆಮೇಲೆ ಓದಿ, ತಿಳಿದವರನ್ನು ಕೇಳಿ ಗೊತ್ತಾಯಿತು. ಹೈಬ್ರಿಡ್ ಎಂದರೆ ಎರಡು ಬೇರೆ ತಳಿಗಳನ್ನು ಕೂಡಿಸಿ ಪಡೆದ ಮೊದಲ ಪೀಳಿಗೆ. ಬೀಜದ ಪೊಟ್ಟಣದ ಮೇಲೆ ಎಫ್-1 ಎಂದು ಬರೆದಿರುತ್ತದಲ್ಲ, ಅದೇ. ಆ ಮೊದಲ ಪೀಳಿಗೆಯ ಗಿಡಗಳೆಲ್ಲ ಒಂದೇ ಅಚ್ಚಿನವು. ಅವುಗಳ ಹಣ್ಣಿನ ಬೀಜ ಬಿತ್ತಿದಿರೋ, ಅಜ್ಜ ಅಜ್ಜಿಯರ ಗುಣಗಳೆಲ್ಲ ಚದುರಿ ಒಂದೊಂದು ಗಿಡಕ್ಕೆ ಒಂದೊಂದು ಬಗೆಯಾಗಿ ಹಂಚಿಕೆಯಾಗುತ್ತವೆ. ರೋಗ ತಡೆಯುವ ಶಕ್ತಿಯೂ ಹಾಗೆಯೇ, ಕೆಲವಕ್ಕೆ ಬರುತ್ತದೆ, ಕೆಲವಕ್ಕೆ ಬರುವುದಿಲ್ಲ. ಎಲೆ ಮುಟುರು ರೋಗ ಬಿಳಿನೊಣ ಹರಡುವ ನಂಜು. ಗೊಬ್ಬರಕ್ಕೂ ಅದಕ್ಕೂ ಸಂಬಂಧವಿಲ್ಲ. ಅಂಥ ಗಿಡವನ್ನು ಕಿತ್ತೆಸೆಯುವುದೊಂದೇ ದಾರಿ. ಆದಕಾರಣ ತಪ್ಪು ನಿಮ್ಮ ಕೈಯದಲ್ಲ, ನಿಮ್ಮ ಮಣ್ಣಿನದೂ ಅಲ್ಲ. ಬೀಜ ಕೊಟ್ಟ ನನ್ನದು. 14 ಮಂದಿಯಲ್ಲೂ ಕ್ಷಮೆ ಬೇಡುತ್ತೇನೆ.

ಇನ್ನು ಈ ಸಲ ಏನು ಹಾಕಬೇಕು ಎಂಬ ಮಾತು. ಮೊದಲು ಇಳುವರಿಯ ಭ್ರಮೆ ಹರಿದುಕೊಳ್ಳೋಣ. ಹೆಕ್ಟೇರಿಗೆ 35 ಟನ್, 75 ಟನ್ ಎಂದು ಓದಿದಾಗ ಬಾಯಿ ತೆರೆಯುತ್ತೇವೆ. ನಮ್ಮ ಬಳಿ ಇರುವುದು ಹೆಕ್ಟೇರಲ್ಲ, ನಾಲ್ಕು ಡಬ್ಬ. ನಾನು ಲೆಕ್ಕ ಹಾಕಿ ನೋಡಿದೆ. ಹೊಲದಲ್ಲಿ 60 ಸೆಂಟಿಮೀಟರಿಗೆ 45ರಂತೆ ನೆಟ್ಟರೆ ಹೆಕ್ಟೇರಿಗೆ ಸುಮಾರು 37,000 ಗಿಡ. 35 ಟನ್ನನ್ನು ಹಂಚಿದರೆ ಗಿಡಕ್ಕೆ ಕಿಲೋಗೂ ಸ್ವಲ್ಪ ಕಡಿಮೆ! 75 ಟನ್ನಿನ ಹೈಬ್ರಿಡ್ಡನ್ನು 90ಕ್ಕೆ 60ರಂತೆ ಅಗಲವಾಗಿ ನೆಟ್ಟರೆ ಸುಮಾರು 18,500 ಗಿಡ, ಒಂದೊಂದಕ್ಕೆ ನಾಲ್ಕು ಕಿಲೋ ಬೀಳುತ್ತದೆ. ಅದೂ ಬೇರು ಹರಡಲು ನೆಲವಿದ್ದು, ದಿನವಿಡೀ ಬಿಸಿಲಿದ್ದು, ಅಳೆದು ನೀರು ಗೊಬ್ಬರ ಕೊಟ್ಟರೆ. ಡಬ್ಬದ ಗಿಡ ಒಂದು ಕಿಲೋ ಕೊಟ್ಟರೆ ಅದು ಸೋತಿಲ್ಲ ಎಂದೇ ನನ್ನ ಎಣಿಕೆ. ನಾಲ್ಕು ಡಬ್ಬದಿಂದ ಮನೆಯ ಟೊಮೇಟೊ ಖರ್ಚು ತಪ್ಪುವುದಿಲ್ಲ, ವಾರಕ್ಕೊಂದೆರಡು ದಿನ ಒಳ್ಳೆಯ ಸಾರು ಆದೀತು. ಹಾಗಿದ್ದ ಮೇಲೆ ಪೇಟೆಯಲ್ಲಿ ಸಿಗುವಂಥದನ್ನೇ ಬೆಳೆಯುವುದೇಕೆ? ಪೇಟೆಯಲ್ಲಿ ಸಿಗದ ರುಚಿಯನ್ನು ಬೆಳೆಯಬೇಡವೆ?

ಪೇಟೆಯ ಹಣ್ಣಿಗೆ ರುಚಿಯೇಕಿಲ್ಲ ಎಂದು ಇಲ್ಲಿ ಎಷ್ಟೋ ಸಲ ಚರ್ಚೆಯಾಗಿದೆ. ರೈತನನ್ನು ಬೈದು ಫಲವಿಲ್ಲ. ನಾರಾಯಣಗಾಂವ, ನಾಶಿಕದ ಕಡೆಯಿಂದ ವಾಶಿಯ ಮಾರುಕಟ್ಟೆಗೆ ಲಾರಿಯಲ್ಲಿ ಕ್ರೇಟಿನ ಮೇಲೆ ಕ್ರೇಟು ಹೇರಿಕೊಂಡು ಬರಬೇಕು, ಬಂದ ಮೇಲೂ ನಾಲ್ಕು ದಿನ ಅಂಗಡಿಯಲ್ಲಿ ಕೂತಿರಬೇಕು. ನಮ್ಮ ಕೋಲಾರದ ಹಣ್ಣಿನ ಪಾಡೂ ಇದೇ. ಅದಕ್ಕೆ ದಪ್ಪ ಸಿಪ್ಪೆ, ಗಟ್ಟಿ ಗೋಡೆಯ ತಳಿಯೇ ಬೇಕು, ಬಣ್ಣ ತಿರುಗುವ ಮೊದಲೇ ಕೀಳಲೂ ಬೇಕು. ಈಗ ನೀವೇ ಒಂದು ಪರೀಕ್ಷೆ ಮಾಡಿ. ಉದ್ದನೆಯ ಗಟ್ಟಿ ಟೊಮೇಟೊ ಒಂದನ್ನೂ, ಗೆರೆಗೆರೆಯ ಚಪ್ಪಟೆ ಹಣ್ಣೊಂದನ್ನೂ ಅಡ್ಡಲಾಗಿ ಕತ್ತರಿಸಿ ನೋಡಿ. ಮೊದಲನೆಯದರಲ್ಲಿ ಎರಡು ಮೂರು ಕೋಣೆ, ದಪ್ಪ ಗೋಡೆ, ಲೋಳೆ ಕಡಿಮೆ. ಎರಡನೆಯದರಲ್ಲಿ ಕೋಣೆಗಳು ಹೆಚ್ಚು, ಬೀಜದ ಸುತ್ತ ತುಂಬ ಲೋಳೆ. ಹುಳಿ ಇರುವುದು ಮುಖ್ಯವಾಗಿ ಆ ಲೋಳೆಯಲ್ಲಿ. ಸಾರಿಗೆ ಮೈ ಕೊಡುವ ಆ ಒಂದು ಬಗೆಯ ಸವಿಯೂ ಅಲ್ಲಿಯೇ ಹೆಚ್ಚು. ಬೀಜ ಲೋಳೆ ತೆಗೆದು ಅಡಿಗೆ ಮಾಡಿರೆಂದು ಕಾರ್ಯಕ್ರಮಗಳಲ್ಲಿ ಹೇಳುತ್ತಾರಲ್ಲ, ಆ ಮಾತನ್ನು ಸಾರಿನ ಮಟ್ಟಿಗೆ ಕೇಳಬೇಡಿರಿ.

ಇನ್ನೊಂದು ಸಂಗತಿ ನನಗೆ ಆಶ್ಚರ್ಯ ತಂದಿತು. ಹಿಂದಿನ ತಳಿಗಳ ಕಾಯಿಗೆ ತೊಟ್ಟಿನ ಸುತ್ತ ಕಡುಹಸಿರು ಹೆಗಲು ಇರುತ್ತಿತ್ತು. ನೋಡಲು ಒಂದೇ ಸಮ ಬಣ್ಣ ಬರಲೆಂದು ತಳಿ ತಯಾರಿಸುವವರು ಅದಿಲ್ಲದ ಗಿಡಗಳನ್ನೇ ಆರಿಸುತ್ತ ಬಂದರು. 2012ರಲ್ಲಿ ವಿಜ್ಞಾನಿಗಳು ಇದರ ಮೂಲ ಕಂಡುಹಿಡಿದರು: ಆ ಹಸಿರು ಹೆಗಲಿಗೆ ಕಾರಣವಾದ ಗುಣವೇ ಕಾಯಿಯಲ್ಲಿ ಸಕ್ಕರೆಯನ್ನು ಹೆಚ್ಚಿಸುತ್ತಿತ್ತು. ಚಂದಕ್ಕೆಂದು ಹಸಿರು ಕಳೆದರು, ಜತೆಗೆ ಸಿಹಿಯೂ ಹೋಯಿತು. ಆದ್ದರಿಂದ ಮನೆಗೆ ತಳಿ ಆರಿಸುವಾಗ ಹಸಿರು ಹೆಗಲು ಇದೆಯೆಂದರೆ ನಾನು ಅದನ್ನು ಒಳ್ಳೆಯ ಗುರುತೆಂದೇ ತಿಳಿಯುತ್ತೇನೆ.

ಈಗ ಹೆಸರು ಹಿಡಿದು ಹೇಳುತ್ತೇನೆ. ಮೊದಲನೆಯದು ಪೂಸಾ ರೂಬಿ. ದೆಹಲಿಯ ಕೃಷಿ ಸಂಶೋಧನಾ ಸಂಸ್ಥೆಯದು. ಆ ಸಂಸ್ಥೆ 1905ರಲ್ಲಿ ಬಿಹಾರದ ಪೂಸಾ ಎಂಬಲ್ಲಿ ಹುಟ್ಟಿ, 1934ರ ಭೂಕಂಪದ ಮೇಲೆ ದೆಹಲಿಗೆ ವಲಸೆ ಬಂದಿತು. ಬರುವಾಗ ಊರ ಹೆಸರನ್ನೂ ಹೊತ್ತು ತಂದಿತು. ನಮ್ಮ ಸಂಘದ ಹಾಗೆಯೇ ಅನ್ನಿ. ಈ ತಳಿಯ ಹಣ್ಣು ಚಿಕ್ಕದು, ಚಪ್ಪಟೆ, ಸ್ವಲ್ಪ ಗೆರೆಯುಳ್ಳದ್ದು, ರಸ ಹೆಚ್ಚು, ಹುಳಿ ಚೆನ್ನಾಗಿದೆ. ಸಸಿ ನೆಟ್ಟು ಎರಡು ತಿಂಗಳಿಗೆ ಹಣ್ಣು ಕೀಳಬಹುದು. ಆದರೆ ಗಿಡ ಹಬ್ಬುತ್ತದೆ, ಕಟಾಂಜನಕ್ಕೆ ಕಟ್ಟಬೇಕು. ರೋಗಕ್ಕೂ ಬೇಗ ತುತ್ತಾಗುತ್ತದೆ. ಸಾರಿಗೆ ಮಾತ್ರ ನಾನು ಇದಕ್ಕೇ ಮೊದಲ ಮಣೆ ಹಾಕುವವನು.

ಗ್ಯಾಲರಿ ಕಿರಿದಾಗಿದ್ದರೆ ಪಿ.ಕೆ.ಎಂ.-1 ಹಾಕಿರಿ. ತಮಿಳುನಾಡಿನ ಪೆರಿಯಕುಳಂನಲ್ಲಿ ಅಲ್ಲಿನ ಅಣ್ಣಂಜಿ ನಾಟಿ ತಳಿಯಿಂದಲೇ ಪಡೆದದ್ದು. ಮೋಟು ಗಿಡ, ಒಂದು ಎತ್ತರಕ್ಕೆ ನಿಲ್ಲುತ್ತದೆ, ಚಪ್ಪಟೆ ದುಂಡು ಹಣ್ಣಿಗೆ ಎದ್ದು ಕಾಣುವ ಹಸಿರು ಹೆಗಲು. ನೀರು ಒಂದು ದಿನ ತಪ್ಪಿದರೂ ತಾಳಿಕೊಂಡೀತು; ಪಾಳಿಯ ಕೆಲಸದವರಿಗೆ ಇದು ದೊಡ್ಡ ಗುಣ.

ಸ್ವಲ್ಪ ದೊಡ್ಡ ಹಣ್ಣು ಬೇಕೆಂಬವರಿಗೆ ಹೆಸರಘಟ್ಟದ ತೋಟಗಾರಿಕೆ ಸಂಸ್ಥೆಯ ಅರ್ಕಾ ವಿಕಾಸ್. ಅಲ್ಲಿನ ತಳಿಗಳ ಹೆಸರಿನಲ್ಲಿ ಬರುವ ಅರ್ಕಾ ನಮ್ಮ ಅರ್ಕಾವತಿ ನದಿಯದು. ಹಣ್ಣು 80-90 ಗ್ರಾಂ. ಹೋಳು ಮಾಡಿ ಉಪ್ಪು ಹಚ್ಚಿ ತಿನ್ನಲೂ ಆದೀತು, ಗೊಜ್ಜಿಗೂ ಆದೀತು. ರಾಹುರಿ ವಿದ್ಯಾಪೀಠದ ಧನಶ್ರೀ, ಭಾಗ್ಯಶ್ರೀ ಈ ಮಹಾರಾಷ್ಟ್ರದ ಹವೆಗೇ ಮಾಡಿದವು. ಅವುಗಳನ್ನು ಈ ವರ್ಷ ಪ್ರಯೋಗ ಮಾಡಬೇಕೆಂದಿದ್ದೇನೆ.

ಹೈಬ್ರಿಡ್ಡನ್ನು ಬೈಯುವವರ ಗುಂಪಿಗೆ ನಾನು ಸೇರಿದವನಲ್ಲ. ಹೆಸರಘಟ್ಟದ್ದೇ ಆದ ಅರ್ಕಾ ರಕ್ಷಕ್ ಎಲೆ ಮುಟುರು, ದುಂಡಾಣು ಸೊರಗು, ಅಂಗಮಾರಿ ಈ ಮೂರನ್ನೂ ತಡೆಯುವಂಥದು. ಹಣ್ಣು 90-100 ಗ್ರಾಂ, ಗಟ್ಟಿ, ಬಹಳ ದಿನ ಕೆಡದು. ಪ್ರತಿವರ್ಷ ಮುಟುರು ರೋಗ ಕಾಣುವ ಚಾಳಿನವರು ಒಂದು ಡಬ್ಬಕ್ಕೆ ಇದನ್ನೇ ಹಾಕಿರಿ. ಬೀಜವನ್ನು ಮಾತ್ರ ಪ್ರತಿಸಲ ಹೊಸದಾಗಿ ಕೊಳ್ಳಿರಿ. ಈ ಮಾತನ್ನು ನನ್ನಷ್ಟು ಕಷ್ಟಪಟ್ಟು ಕಲಿತವರು ಇನ್ನಾರೂ ಇರಲಾರರು.

ಬಿಸಿಲೇ ಕಡಿಮೆ ಇದ್ದವರು? ಟೊಮೇಟೊಕ್ಕೆ ಆರು ತಾಸಿನ ನೇರ ಬಿಸಿಲು ಬೇಕು. ನಾಲ್ಕೈದೇ ತಾಸು ಇದ್ದರೆ ದೊಡ್ಡ ಹಣ್ಣಿನ ಆಸೆ ಬಿಟ್ಟು ಚೆರ್ರಿ ಟೊಮೇಟೊ ಹಾಕಿರಿ. ಗೋಲಿಯಂಥ ಹಣ್ಣಿಗೆ ಗಿಡ ಹೆಚ್ಚು ದುಡಿಯಬೇಕಿಲ್ಲ, ಸಿಹಿಯೂ ಹೆಚ್ಚು. ಮಕ್ಕಳು ಅಡಿಗೆಮನೆಗೆ ಮುಟ್ಟಗೊಡುವುದಿಲ್ಲ ಎಂಬುದೇ ಅದರ ದೋಷ. ಮೂರು ತಾಸಿಗೂ ಕಡಿಮೆ ಬಿಸಿಲಿದ್ದರೆ ಪುದೀನ ಹಾಕಿ ಸುಖವಾಗಿರಿ.

ತಳಿ ಎಷ್ಟೇ ಒಳ್ಳೆಯದಿದ್ದರೂ ರುಚಿ ಕೆಡಿಸುವುದು ನಮ್ಮ ಕೈಯಲ್ಲಿದೆ. ಮಳೆ ಹಿಂದೆ ಸರಿಯುವಾಗ, ಸೆಪ್ಟೆಂಬರಿನಲ್ಲಿ ಬೀಜ ಹಾಕಿ ತಿಂಗಳಿಗೆ ಸಸಿ ನೆಟ್ಟರೆ ಹಣ್ಣು ತಂಪಿನ ದಿನಗಳಿಗೆ ಬರುತ್ತದೆ. ಬೇಸಿಗೆಗೆ ಬಿಟ್ಟರೆ ಹೂ ಉದುರುತ್ತದೆ. ಡಬ್ಬದ ತಳಕ್ಕೆ ತೂತು ಹಾಕಿ, ಕೆಳಗೊಂದು ತಟ್ಟೆ ಇಡಿ. ಕೆಳಗಿನ ಮನೆಯವರೊಡನೆ ಜಗಳವಾಡಿ ಬೆಳೆದ ಹಣ್ಣು ಯಾರಿಗೂ ರುಚಿಸದು. ನೀರು ದಿನವೂ ಒಂದೇ ಅಳತೆ. ಒಣಗಿಸಿ ಒಮ್ಮೆಲೇ ಸುರಿದರೆ ಹಣ್ಣು ಒಡೆಯುತ್ತದೆ, ಬುಡ ಕಪ್ಪಾಗುತ್ತದೆ. ಕಾಯಿ ಬಣ್ಣ ತಿರುಗಲು ತೊಡಗಿದ ಮೇಲೆ ನೀರು ತುಸು ಕಡಿಮೆ ಮಾಡಿ, ರಸ ಗಟ್ಟಿಯಾಗುತ್ತದೆ. ಗಿಡದಲ್ಲೇ ಕೆಂಪಾಗಲಿ. ಕಿತ್ತದ್ದನ್ನು ಫ್ರಿಜ್ಜಿಗೆ ಹಾಕಬೇಡಿ, ತಣ್ಣಗಿಟ್ಟರೆ ಕಂಪು ಹೋಗುತ್ತದೆ.

ಪೂಸಾ ರೂಬಿ, ಪಿ.ಕೆ.ಎಂ.-1, ಅರ್ಕಾ ವಿಕಾಸ್ ಈ ಮೂರರ ಬೀಜವನ್ನು ಮನೆಯಲ್ಲೇ ಉಳಿಸಿಕೊಳ್ಳಬಹುದು. ರೋಗವಿಲ್ಲದ ಗಿಡದ ಪೂರ್ಣ ಹಣ್ಣಾದದ್ದನ್ನು ಹಿಸುಕಿ, ಬೀಜ ಲೋಳೆ ಸಮೇತ ಲೋಟದಲ್ಲಿ ಎರಡು ದಿನ ಹುಳಿಯಲು ಬಿಡಿ. ಆಮೇಲೆ ತೊಳೆದರೆ ಗಟ್ಟಿ ಬೀಜ ತಳಕ್ಕೆ ಕೂರುತ್ತದೆ. ನೆರಳಿನಲ್ಲಿ ಒಣಗಿಸಿ ಕಾಗದದಲ್ಲಿ ಕಟ್ಟಿ, ಮೇಲೆ ತಳಿಯ ಹೆಸರು ಬರೆದಿಡಿ. ಮೂರು ವರ್ಷವಾದರೂ ಮೊಳೆಯುತ್ತದೆ.

ಈ ಮೇಜಿನ ಮೇಲೆ ಈಗ ಇಂಥ 13 ಪೊಟ್ಟಣಗಳಿವೆ. ಅಂಗಡಿಯ ಮೂಲ ಚೀಟಿಯನ್ನು ಹಾಜರಿ ಪುಸ್ತಕದಲ್ಲಿ ಅಂಟಿಸಿದ್ದೇನೆ, ನೋಡಿ ತೆಗೆದುಕೊಳ್ಳಬಹುದು. 14ನೆಯದನ್ನು ಮೊನ್ನೆಯೇ ಆ ಹಿರಿಯರ ಮನೆಗೆ ಮುಟ್ಟಿಸಿ, ಗೊಬ್ಬರದ ಸುಳ್ಳನ್ನೂ ಹೇಳಿ ಬಂದೆ. ಆ ತಾಯಿ ಈಗ ಎದ್ದು ಕೂರುತ್ತಾರೆ. ಪೊಟ್ಟಣವನ್ನು ಕಣ್ಣಿನ ಹತ್ತಿರ ಹಿಡಿದು ಓದಿ, "ಈ ಸಲ ಹೆಸರು ಬರದೀಯಲ್ಲೋ ತಮ್ಮಾ" ಎಂದರು. ಡಬ್ಬಕ್ಕೆ ಮಣ್ಣು ತುಂಬಲು ಬರುವ ಭಾನುವಾರ ಅವರ ಮನೆಗೆ ಹೋಗುವವನಿದ್ದೇನೆ. ಬಿಡುವಿದ್ದವರು ಜತೆಗೆ ಬರಬಹುದು.