ಸಂಪು ತುಂಬಿರುವಾಗಲೇ

ಕೆನಡಾದಲ್ಲೋ ಉತ್ತರ ಯೂರೋಪಿನಲ್ಲೋ ಮೋಟಾರ್‌ಹೋಮ್, ಅಂದರೆ ಚಕ್ರದ ಮೇಲಿನ ಮನೆ, ಇಟ್ಟುಕೊಂಡವರು ಚಳಿಗಾಲಕ್ಕೆ ಮುನ್ನ ಒಂದು ಕೆಲಸವನ್ನು ತಪ್ಪದೇ ಮಾಡುತ್ತಾರೆ. ಹಿಮ ಬೀಳುವುದಕ್ಕೆ ಮೊದಲೇ ಗಾಡಿಯ ನೀರಿನ ಟ್ಯಾಂಕು ಬರಿದು ಮಾಡಿ, ನಲ್ಲಿಗಳನ್ನೆಲ್ಲ ತೆರೆದು, ಕೊಳವೆಯಲ್ಲಿ ಉಳಿದ ನೀರನ್ನೂ ಹೊರಹಾಕುತ್ತಾರೆ. ನೀರು ಹೆಪ್ಪುಗಟ್ಟುವಾಗ ಸುಮಾರು ಶೇ 9ರಷ್ಟು ಹಿಗ್ಗುತ್ತದೆ. ಒಳಗೆ ನಿಂತ ನೀರೇ ಪೈಪನ್ನೂ ಪಂಪನ್ನೂ ಸೀಳಿಬಿಡುತ್ತದೆ. ಬೆಂಗಳೂರಿಗೆ ಆ ಭಯವಿಲ್ಲ. ಇಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶವೇ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಆದರೂ ಆ ಗಾಡಿಗೂ ವೈಟ್‌ಫೀಲ್ಡಿನ ಒಂದು ಅಪಾರ್ಟ್‌ಮೆಂಟಿಗೂ ಹತ್ತಿರದ ನಂಟಿದೆ. 2007ರಲ್ಲಿ ನಗರದ ಸುತ್ತಲಿನ 110 ಹಳ್ಳಿಗಳು ಮಹಾನಗರ ಪಾಲಿಕೆಗೆ ಸೇರಿದವು. ಮಹದೇವಪುರ, ಬೊಮ್ಮನಹಳ್ಳಿ, ದಾಸರಹಳ್ಳಿ ಕಡೆ ಮನೆಗಳು ಮೊದಲು ಬಂದವು, ಕಾವೇರಿಯ ಕೊಳವೆ ವರ್ಷಗಟ್ಟಲೆ ತಡವಾಗಿ ಬಂತು. ಈ ನಡುವೆ ಪ್ರತಿ ಕಟ್ಟಡವೂ ತನ್ನ ಬೋರ್‌ವೆಲ್, ತನ್ನ ಸಂಪು, ತನ್ನ ಪಂಪು, ಮೇಲೊಂದು ಟ್ಯಾಂಕು, ಬಾಗಿಲಿಗೊಂದು ಟ್ಯಾಂಕರ್ ಎಂದು ತನಗೆ ತಾನೇ ಒಂದು ಪುಟ್ಟ ಜಲಮಂಡಳಿಯಾಗಿ ಬದುಕಿತು. ಒಯ್ದಷ್ಟೇ ನೀರು ಎಂಬ ಗಾಡಿಯವರ ಪಾಡು ನೆಲ ಬಿಟ್ಟು ಕದಲದ ಈ ಮನೆಗಳದ್ದೂ ಆಯಿತು.

ಆ ಗಾಡಿಯವರು ಸಿದ್ಧತೆಗೆ ಆರಿಸಿಕೊಳ್ಳುವ ಹೊತ್ತನ್ನು ಗಮನಿಸಬೇಕು. ಹಿಮ ಬಂದ ಮೇಲೆ ಅವರು ಪಾನಾ ಹಿಡಿಯುವುದಿಲ್ಲ. ನಮ್ಮಲ್ಲಿ ನೀರಿನ ಅಭಾವ ಕಾಡುವ ಕಾಲ ಫೆಬ್ರವರಿಯಿಂದ ಮೇ ತಿಂಗಳವರೆಗಿನದು. ಹಾಗಾದರೆ ಅದಕ್ಕೆ ಅಣಿಯಾಗುವ ಹೊತ್ತು ಹಿಂಗಾರು ಮುಗಿದು ನೆಲ ಇನ್ನೂ ತೇವವಾಗಿರುವಾಗ, ದೀಪಾವಳಿಗೂ ಸಂಕ್ರಾಂತಿಗೂ ನಡುವೆ. ಸಂಪು ತೊಳೆಯುವ ಕೆಲಸವನ್ನೇ ನೋಡಿ. ಸಂಪು ತೊಳೆಯಬೇಕಾದರೆ ಅದನ್ನು ಬರಿದು ಮಾಡಬೇಕು. ಮಾರ್ಚಿನಲ್ಲಿ, ಮುಂದಿನ ಟ್ಯಾಂಕರ್ ಇವತ್ತೋ ನಾಳೆಯೋ ಎಂದು ಗೊತ್ತಿಲ್ಲದ ದಿನಗಳಲ್ಲಿ, ತುಂಬಿದ ಸಂಪನ್ನು ಬರಿದು ಮಾಡಲು ಯಾರಿಗೂ ಮನಸ್ಸು ಬಾರದು. ಕೆಲಸ ಮುಂದಕ್ಕೆ ಹೋಗುತ್ತದೆ. ಮಟ್ಟ ಇಳಿದಂತೆ ತಳದ ಹೂಳು ಪಂಪಿನ ಬಾಯಿಗೆ ಹತ್ತಿರವಾಗಿ, ಬೇಸಿಗೆಯ ಕೆಟ್ಟ ದಿನಗಳಲ್ಲೇ ಕೆಟ್ಟ ನೀರು ಮೇಲಿನ ಟ್ಯಾಂಕಿಗೆ ಏರುತ್ತದೆ. ಗೋಡೆಯಲ್ಲಿ ಬಿರುಕಿದ್ದರೆ ಪಕ್ಕದ ಚರಂಡಿಯ ಸೋರಿಕೆಯೂ ಒಳಗಿಳಿಯಬಹುದು. ಇನ್ನು ಬೋರ್‌ವೆಲ್ಲಿನ ಮೋಟಾರು. ಆಳದಲ್ಲಿರುವ ಸಬ್‌ಮರ್ಸಿಬಲ್ ಮೋಟಾರನ್ನು ತಂಪಾಗಿಡುವುದು ಅದರ ಸುತ್ತಲಿನ ನೀರೇ. ಆ ನೀರು ಇಳಿದ ಮೇಲೂ ಅದು ಓಡುತ್ತಿದ್ದರೆ ಸುಟ್ಟುಹೋಗುತ್ತದೆ. ಹಿಮದ ದೇಶದಲ್ಲಿ ಒಳಗೆ ಉಳಿದ ನೀರು ಸಲಕರಣೆಯನ್ನು ಒಡೆಯುತ್ತದೆ, ಇಲ್ಲಿ ಇಲ್ಲದ ನೀರು ಒಡೆಯುತ್ತದೆ. ನೀರಿನ ಮಟ್ಟ ಕುಸಿದೊಡನೆ ಮೋಟಾರು ತಾನಾಗಿ ನಿಲ್ಲುವಂತೆ ಮಾಡುವ ಸಾಧನ ದುಬಾರಿಯೇನಲ್ಲ. ಅದನ್ನು ಹಾಕಿಸಲು ಮೋಟಾರು ಸುಡುವವರೆಗೆ ಕಾಯುವುದು ಮಾತ್ರ ದುಬಾರಿ.

2024ರ ಮಾರ್ಚ್ ನಮ್ಮ ಕಣ್ಣ ಮುಂದಿದೆ. ನಗರದ ಸುಮಾರು 13,900 ಸರ್ಕಾರಿ ಕೊಳವೆಬಾವಿಗಳಲ್ಲಿ 6,900 ಬತ್ತಿವೆ ಎಂದು ಉಪಮುಖ್ಯಮಂತ್ರಿಗಳೇ ಹೇಳಿದರು. ಜಿಲ್ಲಾಡಳಿತ ಟ್ಯಾಂಕರ್ ನೀರಿಗೆ ದರ ನಿಗದಿ ಮಾಡಿತು. ಐದು ಕಿಲೋಮೀಟರಿನೊಳಗೆ 12,000 ಲೀಟರಿಗೆ 1,000 ರೂಪಾಯಿ. ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶಿಸಿತು. ನಲ್ಲಿಗಳಿಗೆ ಹರಿವು ತಗ್ಗಿಸುವ ಏರೇಟರ್ ಹಾಕಿಸುವ ನಿಯಮವೂ ಆಗಲೇ ಬಂತು. ಇವೆಲ್ಲ ಬೇಕಾದ ಕ್ರಮಗಳೇ. ಆದರೆ ಇವು ಬಂದದ್ದು ನೆಲ ಒಣಗಿದ ಮೇಲೆ. ಆಗ ಏರೇಟರಿಗೂ ಪ್ಲಂಬರಿಗೂ ಎಲ್ಲರೂ ಒಟ್ಟಿಗೇ ಎಡತಾಕಬೇಕಾಯಿತು. ನವೆಂಬರಿನಲ್ಲಿ ಮಾಡಿದ್ದರೆ ನಾಲ್ಕು ತಿಂಗಳ ಉಳಿತಾಯ ನೆಲದೊಳಗೇ ಉಳಿಯುತ್ತಿತ್ತು.

ಇದು ನಮ್ಮ ನೆಲಕ್ಕೆ ಹೊಸ ವಿದ್ಯೆಯಲ್ಲ. ಬೆಂಗಳೂರು, ಕೋಲಾರ ಸೀಮೆಯ ಊರುಗಳಲ್ಲಿ ನೀರುಗಂಟಿ ಎಂಬವನಿದ್ದ. ಕೆರೆಯ ತೂಬು ಅವನ ಕೈಯಲ್ಲಿತ್ತು. ಮಳೆಗಾಲ ಮುಗಿಯುವ ಹೊತ್ತಿಗೆ ಕೆರೆಯಲ್ಲಿ ಎಷ್ಟು ನೀರು ನಿಂತಿದೆ ಎಂದು ನೋಡಿ, ಅಚ್ಚುಕಟ್ಟಿನಲ್ಲಿ ಭತ್ತ ನಾಟಬಹುದೋ, ರಾಗಿಗೇ ನಿಲ್ಲಬೇಕೋ ಎಂದು ಊರು ತೀರ್ಮಾನಿಸುತ್ತಿತ್ತು. ನೀರು ಕಣ್ಣಿಗೆ ಕಾಣುವಾಗಲೇ ಲೆಕ್ಕ, ಲೆಕ್ಕವಾದ ಮೇಲೆ ಬಿತ್ತನೆ. ಇಂದು ವರ್ತೂರು ಕೆರೆಯ ಸುತ್ತ ಎದ್ದಿರುವ ಕಟ್ಟಡಗಳಲ್ಲಿ ಲಿಫ್ಟಿನ ನಿರ್ವಹಣೆಗೆ ವಾರ್ಷಿಕ ಒಪ್ಪಂದವಿರುತ್ತದೆ, ಜನರೇಟರಿನ ಡೀಸೆಲ್ಲಿಗೆ ಪುಸ್ತಕವಿರುತ್ತದೆ. ಬೋರ್‌ವೆಲ್ಲಿನ ನೀರು ತಿಂಗಳಿಂದ ತಿಂಗಳಿಗೆ ಎಷ್ಟು ಅಡಿ ಇಳಿಯಿತು ಎಂಬುದಕ್ಕೂ ಅಂಥದೊಂದು ಪುಸ್ತಕ ಬೇಡವೇ?

ಕಾವೇರಿ ಐದನೇ ಹಂತ ಬಂದಾಯಿತಲ್ಲ, ಇನ್ನೇಕೆ ಈ ಚಿಂತೆ ಎಂದು ಕೇಳುವವರಿದ್ದಾರೆ. 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಆ ಯೋಜನೆ ದಿನಕ್ಕೆ 77.5 ಕೋಟಿ ಲೀಟರ್ ನೀರನ್ನು ಮುಖ್ಯವಾಗಿ ಆ 110 ಹಳ್ಳಿಗಳಿಗಾಗಿಯೇ ತರುವಂಥದ್ದು. ದೊಡ್ಡ ಕೆಲಸ, ಮನಸಾರೆ ಸ್ವಾಗತಿಸಬೇಕಾದದ್ದು. ಆದರೆ ಆ ನೀರು ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ದೂರ, ನೂರಾರು ಮೀಟರ್ ಎತ್ತರ ಏರಿ ಬರಬೇಕು. ವಿದ್ಯುತ್ ಕೈಕೊಟ್ಟರೂ ಕೊಳವೆ ಒಡೆದರೂ ಆ ದಿನ ನೀರು ನಿಲ್ಲುತ್ತದೆ. ಅದಕ್ಕಿಂತ ಮುಖ್ಯವಾಗಿ, ಕೊಡಗಿನಲ್ಲಿ ಮಳೆ ತಪ್ಪಿದ 2023ರಂಥ ವರ್ಷದಲ್ಲಿ ನದಿಯೂ ಬಡವಾಗುತ್ತದೆ. ನಗರಕ್ಕೆ ಹೊಸ ನೀರು ಇದೇ ಮೊದಲೇನಲ್ಲ: ಹೆಸರಘಟ್ಟದ ನೀರು 1896ರಲ್ಲಿ ಬಂತು, ತಿಪ್ಪಗೊಂಡನಹಳ್ಳಿಯದು 1930ರ ದಶಕದಲ್ಲಿ, ಕಾವೇರಿ 1974ರಲ್ಲಿ. ಪ್ರತಿ ಬಾರಿಯೂ ಇನ್ನು ಸಾಕು ಎಂದುಕೊಂಡ ನಗರ ಮತ್ತೆ ಬೆಳೆದು ಮತ್ತೆ ಬಾಯಾರಿತು. ಹೊಸ ಕೊಳವೆ ಬಂತೆಂದು ಸಂಪಿನ ಬಿರುಕು ಮುಚ್ಚಿಕೊಳ್ಳುವುದಿಲ್ಲ.

ಇನ್ನೊಂದು ಆಕ್ಷೇಪಣೆ ಇದಕ್ಕಿಂತ ಗಟ್ಟಿಯಾದದ್ದು: ಸಿದ್ಧತೆಯಲ್ಲಿ ಮಳೆಕೊಯ್ಲನ್ನೂ ಸೇರಿಸಿದರೂ ಬಹುಮಹಡಿ ಕಟ್ಟಡಕ್ಕೆ ಅದು ಎಷ್ಟು ದಿನಕ್ಕಾದೀತು? ಲೆಕ್ಕ ಹಾಕೋಣ. 10,000 ಚದರಡಿಯ ತಾರಸಿಯ ಮೇಲೆ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ ಬಿದ್ದು, ಅದರಲ್ಲಿ ಶೇ 80ರಷ್ಟನ್ನು ಹಿಡಿದರೆ 7 ಲಕ್ಷ ಲೀಟರಿನಷ್ಟು ಸಿಗುತ್ತದೆ; 12,000 ಲೀಟರಿನ ಅರವತ್ತು ಟ್ಯಾಂಕರ್. ನೂರು ಮನೆ, ಮನೆಗೆ ನಾಲ್ವರು, ತಲೆಗೆ 135 ಲೀಟರ್ ಎಂದರೆ ದಿನದ ಖರ್ಚೇ 54,000 ಲೀಟರ್. ಅಂದರೆ ವರ್ಷದ ಮಳೆ ಎರಡು ವಾರಕ್ಕೂ ಪೂರ್ತಿ ಸಾಲದು. ಆಕ್ಷೇಪಣೆ ನಿಜ, ಮಳೆಕೊಯ್ಲೊಂದೇ ಪರಿಹಾರವೆಂದು ಹೇಳುವವರು ಎತ್ತರದ ಕಟ್ಟಡಗಳ ಮಟ್ಟಿಗೆ ಹೆಚ್ಚೇ ಹೇಳುತ್ತಾರೆ. ಆದರೆ ಅದೇ ಲೆಕ್ಕವನ್ನು ಖರ್ಚಿನ ಕಡೆಯಿಂದಲೂ ಹಾಕಬೇಕು. ಒಂದು ಫ್ಲಶ್ ಟ್ಯಾಂಕು ಸದ್ದಿಲ್ಲದೆ ನಿಮಿಷಕ್ಕೆ 100 ಮಿಲಿಲೀಟರ್ ಸೋರಿದರೆ ದಿನಕ್ಕೆ 144 ಲೀಟರ್. ಒಬ್ಬ ಮನುಷ್ಯನ ದಿನದ ಪಾಲಿಗಿಂತ ಹೆಚ್ಚು. ನೂರು ಮನೆಗಳಲ್ಲಿ ಇಪ್ಪತ್ತು ಕಡೆ ಹೀಗಿದ್ದರೆ ವರ್ಷಕ್ಕೆ ಹತ್ತು ಲಕ್ಷ ಲೀಟರ್ ದಾಟುತ್ತದೆ, ತಾರಸಿಯ ಮಳೆಗಿಂತ ಹೆಚ್ಚು. ಮನೆಗೊಂದು ಮೀಟರಿಲ್ಲದ ಕಡೆ ಈ ಸೋರಿಕೆಯ ಹಣವನ್ನು ಎಲ್ಲರೂ ಹಂಚಿಕೊಂಡು ಕಟ್ಟುತ್ತಾರೆ, ಹಾಗಾಗಿ ಯಾರಿಗೂ ನೋವಾಗುವುದಿಲ್ಲ. ಬಾಡಿಗೆದಾರರು ವರ್ಷಕ್ಕೊಮ್ಮೆ ಮನೆ ಬದಲಿಸುವ ಎಲೆಕ್ಟ್ರಾನಿಕ್ ಸಿಟಿಯ ಆಸುಪಾಸಿನಲ್ಲಂತೂ ಇದನ್ನು ಬಿಡಿ ಮನೆಗಳ ಶ್ರದ್ಧೆಗೆ ಬಿಡಲಾಗದು. ಮಾಲೀಕರೂ ಸಂಘವೂ ಹೊರಬೇಕಾದ ಹೊಣೆ ಅದು.

ಕೈಗಾರಿಕಾ ಪ್ರದೇಶವಾದ ಪೀಣ್ಯದ ಮಳೆಕೊಯ್ಲಿನ ವಿಷಯವನ್ನು ಬೇರೆಯಾಗಿಯೇ ಯೋಚಿಸಬೇಕು. ಎಲೆಕ್ಟ್ರೋಪ್ಲೇಟಿಂಗ್ ಘಟಕಗಳಿರುವ ಆ ನೆಲದಡಿಯ ನೀರಿನಲ್ಲಿ ಕ್ರೋಮಿಯಂ ಪತ್ತೆಯಾಗಿದೆ. ಅಲ್ಲಿ ಅಂಗಳದ ನೀರನ್ನು ಇಂಗುಬಾವಿಗೆ ಬಿಡುವುದು ವಿಷವನ್ನು ಇಂಗಿಸಿದಂತೆ. ಅಲ್ಲಿನ ಶೆಡ್ಡುಗಳ ಅಗಲವಾದ ಶೀಟಿನ ಮಾಡಿನಿಂದ ಬರುವ ಮಳೆನೀರನ್ನು ತೊಟ್ಟಿಯಲ್ಲಿ ಹಿಡಿದು ಕಾರ್ಖಾನೆಯ ಕೆಲಸಕ್ಕೆ ಬಳಸುವುದೇ ಸರಿ. ಮಾಡು, ದೋಣಿ, ಫಿಲ್ಟರು ಇವುಗಳಲ್ಲಿ ಕೂತ ಎಲೆ, ದೂಳನ್ನು ಏಪ್ರಿಲಿನ ಮೊದಲ ಮಳೆಗೆ ಮುಂಚೆಯೇ ತೆಗೆದಿರಬೇಕು.

ಇಷ್ಟು ಹೇಳಿದ ಮೇಲೆ ಒಬ್ಬ ಮನುಷ್ಯನ ಮಾತು ಉಳಿಯುತ್ತದೆ. ಬೆಳಗಿನ ಜಾವ ಮೋಟಾರು ಹಾಕುವ, ಟ್ಯಾಂಕರಿಗೆ ಗೇಟು ತೆರೆಯುವ, ಸಂಪಿನ ಮುಚ್ಚಳ ಎತ್ತಿ ಟಾರ್ಚು ಬಿಟ್ಟು ನೋಡುವ ಪ್ಲಂಬರೋ ಕಾವಲುಗಾರನೋ ಪ್ರತಿ ಕಟ್ಟಡದಲ್ಲೂ ಇದ್ದಾನೆ. ಮೋಟಾರು ಈಗ ಎಷ್ಟು ಹೊತ್ತು ಎಳೆಯುತ್ತದೆ, ಹೋದ ವರ್ಷ ಎಷ್ಟು ಎಳೆಯುತ್ತಿತ್ತು ಎಂಬುದು ಅವನಿಗೆ ಗೊತ್ತು. ಸಂಘದ ನೀರಿನ ಸಭೆ ಮಾರ್ಚಿನ ಬದಲು ಡಿಸೆಂಬರಿನಲ್ಲಿ ನಡೆದು, ಅಲ್ಲಿ ಅವನಿಗೊಂದು ಕುರ್ಚಿ ಹಾಕಿ, ಮೊದಲು ಅವನ ಲೆಕ್ಕವನ್ನು ಕೇಳಬೇಕು.