ಎಳೆ ಎಣಿಸುವ ಹೊತ್ತು



ಕನ್ನಡದಲ್ಲಿ ‘ಎಣಿಸು’ ಎಂಬ ಮಾತಿಗೆ ಎರಡು ಅರ್ಥ. ಲೆಕ್ಕ ಮಾಡುವುದೂ ಎಣಿಸುವುದೇ, ಮನಸ್ಸಿನಲ್ಲಿ ಅಂದುಕೊಳ್ಳುವುದೂ ಎಣಿಸುವುದೇ. ಇವೆರಡರ ನಂಟು ನನಗೆ ತಿಳಿದದ್ದು ಸೂಜಿ ಹಿಡಿದ ಮೇಲೆ.

ಅವ್ವ ತೀರಿಕೊಂಡ ವರ್ಷ ನನಗೆ ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ. ಆಡಬಾರದಿದ್ದ ಮಾತು, ಮಾಡಬೇಕಿದ್ದ ಸೇವೆ ಎಲ್ಲ ಬೆಳಗಿನ ಜಾವದವರೆಗೆ ತಲೆಯಲ್ಲಿ ಸುತ್ತುತ್ತಿದ್ದವು. ಧಾರವಾಡದ ನನ್ನ ಸೋದರತ್ತೆ ಸಮಾಧಾನದ ಮಾತು ಹೇಳುವವರಲ್ಲ. ಒಂದು ಗೇಣು ಮ್ಯಾಟಿ ಬಟ್ಟೆ, ಸೂಜಿ, ಕೆಂಪು ದಾರದ ಲಡಿ ಕೈಗಿಟ್ಟು, “ನಾಕ್ ಎಳಿ ಮ್ಯಾಲ, ನಾಕ್ ಎಳಿ ಕೆಳಗ. ಎಳಿ ಎಣಸವ್ವಾ, ಬ್ಯಾರೆ ಏನೂ ಎಣಸಬ್ಯಾಡ” ಅಂದರು.

ಅತ್ತೆ ಹಾಗೆ ನನ್ನ ಕೈಗಿಟ್ಟದ್ದು ಕಸೂತಿ. ಅದರಲ್ಲಿ ನಾಲ್ಕು ಬಗೆಯ ಹೊಲಿಗೆಗಳಿವೆ: ಗವಂತಿ, ಮುರ್ಗಿ, ನೇಗಿ, ಮೆಂತೆ. ಮುರ್ಗಿ ಮೆಟ್ಟಿಲಿನಂತೆ ಏರಿಳಿಯುತ್ತದೆ, ನೇಗಿ ನೇಯ್ದಂತೆ ಕಾಣುತ್ತದೆ, ಮೆಂತೆ ಅಡ್ಡಡ್ಡ ಕೂಡುವ ಹೊಲಿಗೆ. ನನ್ನ ಕೈಗೆ ಮೊದಲು ಬಂದದ್ದು ಗವಂತಿ. ಈ ಹೆಸರು ‘ಗಂಟು’ ಎಂಬುದರಿಂದ ಬಂದದ್ದು ಎನ್ನುತ್ತಾರೆ. ಆದರೆ ಕಸೂತಿಯಲ್ಲಿ ಗಂಟು ಹಾಕುವಂತಿಲ್ಲ. ಬಟ್ಟೆಯ ಮೇಲೆ ಪೆನ್ಸಿಲಿನಿಂದ ಚಿತ್ರ ಬರೆದುಕೊಳ್ಳುವುದೂ ಇಲ್ಲ. ಗೋಪುರ, ತೇರು, ತುಳಸಿಕಟ್ಟೆ, ಆನೆ, ನವಿಲು ಎಲ್ಲವೂ ಎಳೆಯ ಲೆಕ್ಕದಿಂದಲೇ ಮೂಡಬೇಕು. ಮದುವೆಗೆ ಕೊಡುವ ಕಪ್ಪು ಚಂದ್ರಕಾಳಿ ಸೀರೆಯ ಸೆರಗಿನಲ್ಲಿ ಇವನ್ನು ನೀವೆಲ್ಲ ನೋಡಿರುತ್ತೀರಿ.

ಗವಂತಿಯಲ್ಲಿ ಸೂಜಿ ಹೋಗುವಾಗ ಒಂದು ಹೊಲಿಗೆ ಬಿದ್ದು, ಒಂದು ಜಾಗ ಖಾಲಿ ಉಳಿಯುತ್ತದೆ. ಚಿತ್ರದ ತುದಿ ಮುಟ್ಟಿದಾಗ ಬಟ್ಟೆಯ ಮೇಲೆ ಬರೀ ತುಂಡು ಗೆರೆಗಳು. ಗೋಪುರವೋ ಗೋಡೆಯೋ ಗೊತ್ತಾಗುವುದಿಲ್ಲ. ಆಮೇಲೆ ಸೂಜಿ ಅದೇ ದಾರಿಯಲ್ಲಿ ಹಿಂತಿರುಗಿ, ಬಿಟ್ಟುಹೋದ ಜಾಗಗಳನ್ನೆಲ್ಲ ತುಂಬುತ್ತ ಹೊರಟಲ್ಲಿಗೇ ಬರುತ್ತದೆ. ಆಗ ಎರಡೂ ಬದಿಗೆ ಒಂದೇ ಚಿತ್ರ. ಮೇಲ್ಮೈ ಯಾವುದು, ಹಿಂಬದಿ ಯಾವುದು ಎಂದು ಹೇಳಲಾಗದು.

ಒಂದು ಎಳೆ ತಪ್ಪಿದರೆ ಆ ಕ್ಷಣಕ್ಕೆ ಕಾಣುವುದಿಲ್ಲ. ಬಹಳ ಮುಂದೆ ಹೋದ ಮೇಲೆ ಗೋಪುರದ ಎರಡು ಪಕ್ಕಗಳು ಕೂಡುವುದಿಲ್ಲ. ಅದನ್ನು ಮುಚ್ಚಲು ಬಾರದು, ಹಿಂಬದಿಯೂ ಮುಂಬದಿಯೇ ಅಲ್ಲವೇ! ಬಿಚ್ಚಬೇಕು, ತಪ್ಪಿದ ಎಳೆಯವರೆಗೆ ಹೋಗಬೇಕು, ಮತ್ತೆ ಹಾಕಬೇಕು. ನನ್ನ ಮೊದಲ ಗೋಪುರವನ್ನು ಮೂರು ಸಲ ಬಿಚ್ಚಿದೆ. ಮೂರನೆಯ ಸಲ ಬಿಚ್ಚುವಾಗ ಸಿಟ್ಟು ಬರಲಿಲ್ಲ. ಅವತ್ತು ರಾತ್ರಿ ನಿದ್ದೆ ಬಂತು.

ದುಃಖ ಹೋಯಿತು ಎಂದು ನಾನು ಹೇಳುತ್ತಿಲ್ಲ. ಸೂಜಿ ಔಷಧವಲ್ಲ, ಮನಸ್ಸಿಗೆ ಕಾಯಿಲೆಯಾದಾಗ ವೈದ್ಯರನ್ನೇ ಕಾಣಬೇಕು. ಆದರೆ ಅವ್ವನ ಜೊತೆಗಿನ ದಿನಗಳಿಗೆ ತಿರುಗಿ ಹೋಗುವುದೆಂದರೆ ಹೆದರುತ್ತಿದ್ದವಳಿಗೆ, ಹಿಂತಿರುಗುವುದೂ ಕೆಲಸದ ಒಂದು ಭಾಗ ಎಂದು ಕೈ ಕಲಿಸಿತು. ಇದನ್ನು ನಾನು ಮನಸಾರೆ ನಂಬುತ್ತೇನೆ.

ಹಾಗೆಂದು ಕಸೂತಿ ಹಾಕುವ ಹೆಂಗಸರೆಲ್ಲ ನೆಮ್ಮದಿಯಿಂದಿದ್ದಾರೆ ಎಂದರೆ ಅನ್ಯಾಯವಾದೀತು. ನಾನು ನನಗಾಗಿ, ಬೇಕೆನಿಸಿದಾಗ ಹಾಕುತ್ತೇನೆ. ಕೂಲಿಗೆ ಹಾಕುವವರು ಕಪ್ಪು ಸೀರೆಯ ಕಪ್ಪು ಎಳೆಗಳನ್ನು ಗಡುವಿನೊಳಗೆ ಎಣಿಸಬೇಕು. ಕಣ್ಣು ಉರಿಯುತ್ತದೆ, ಬೆನ್ನು ಹಿಡಿಯುತ್ತದೆ. ಕೆಲಸ ಒಂದೇ, ಹೊತ್ತು ಯಾರದು ಎಂಬುದರ ಮೇಲೆ ನೆಮ್ಮದಿ ನಿಂತಿದೆ. ಕಸೂತಿಗೆ ಭೌಗೋಳಿಕ ಸೂಚಕದ ಮನ್ನಣೆ ಸಿಕ್ಕಿದೆ, ಸಂತೋಷ. ಆದರೆ ಯಂತ್ರದ ಕಸೂತಿಯ ಬೆಲೆಗೆ ಕೈಕಸೂತಿಯನ್ನು ಚೌಕಾಸಿ ಮಾಡುವವರು ನಾವೇ.

ಆದ್ದರಿಂದ ತಮ್ಮಲ್ಲಿ ಎರಡು ಕೋರಿಕೆ. ಕಸೂತಿ ಸೀರೆ ಕೊಳ್ಳುವಾಗ ಹಿಂಬದಿ ತಿರುಗಿಸಿ ನೋಡಿ. ಎರಡೂ ಬದಿ ಒಂದೇ ಆಗಿದ್ದರೆ ಹೇಳಿದ ಬೆಲೆ ಕೊಡಿ. ಇನ್ನೊಂದು: ಒಂದು ಗೇಣು ಮ್ಯಾಟಿ ಬಟ್ಟೆ, ಒಂದು ಲಡಿ ದಾರ ತಂದು ಗವಂತಿಯಿಂದ ಶುರು ಮಾಡಿ. ಗಂಡಸರೂ ಮಾಡಿ. ಕಲಿಸುವ ಹಿರಿಯರು ನಿಮ್ಮ ಓಣಿಯಲ್ಲಿಯೇ ಇದ್ದಾರು. ಅವರ ಕಣ್ಣು ಮಂಜಾಗುವ ಮೊದಲು ಹೋಗಿ ಕೇಳಿ.